ಡಬ್ಬಿಯ ಅರಿಶಿಣ ಬೇರೆ, ಬಾಟಲಿಯ ಅರಿಶಿಣ ಬೇರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಆಳಂದ ಕಡೆಯ ಒಬ್ಬ ಅವ್ವ ಬಂದಿದ್ದರು. ಚೀಲದೊಳಗೆ ಕೈಹಾಕಿ ಡಾಕ್ಟರ ಚೀಟಿ ಹುಡುಕುತ್ತಲೇ ಕೇಳಿದರು: "ತಮ್ಮಾ, ಮಣಕಾಲು ನೋವಿಗಿ ಅರಿಷಿಣದ ಗುಳಗಿ ಬರ್ತಾವಂತಲ್ಲ, ನಿಮ್ಮಲ್ಲಿ ಅವ ಏನು?" ಬಾಟಲಿ ತೋರಿಸಿದೆ. ಬೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಅಂದರು: "ಮನ್ಯಾಗ ಡಬ್ಬಿ ತುಂಬ ಅರಿಷಿಣ ಅದ. ಅದನ್ನೇ ಒಂದು ಚಮಚ ಹಾಲಾಗ ಹಾಕ್ಕೊಂಡು ಕುಡದ್ರ ಆಗಲ್ಲೇನು? ಎರಡೂ ಅರಿಷಿಣನೇ ಅಲ್ಲ?"

ಬಹಳ ಒಳ್ಳೆಯ ಪ್ರಶ್ನೆ ಅದು. ಮೊಬೈಲಿನಲ್ಲಿ ದಿನಾ ಬೆಳಗ್ಗೆ ಬರುವ ಅರಿಶಿಣದ ಸಂದೇಶಗಳೆಲ್ಲ ಗೊಂದಲ ಮಾಡುವುದು ಇದೇ ಜಾಗದಲ್ಲಿ. ಬ್ಯಾಳಿಗೆ ಹಾಕುವ ಅರಿಶಿಣ, ಗಾಯಕ್ಕೆ ಹಚ್ಚುವ ಅರಿಶಿಣ, ಬಾಟಲಿಯಲ್ಲಿ ಬರುವ ಅರಿಶಿಣದ ಗುಳಿಗೆ, ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತಾರೆ. ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ನನ್ನ ಪ್ರಕಾರ ಅರಿಶಿಣ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಉತ್ತರವೇ ಸಿಗುವುದಿಲ್ಲ. ಎಷ್ಟು, ಎಲ್ಲಿಗೆ, ಯಾರಿಗೆ ಅಂತ ಕೇಳಬೇಕು.

ಕೊಂಬಿನ ಒಳಗೆ ಏನಿದೆ

ಅರಿಶಿಣ ಶುಂಠಿಯ ಕುಟುಂಬದ ಗಿಡ. ನಾವು ಬಳಸುವುದು ಮಣ್ಣಿನೊಳಗೆ ಬೆಳೆಯುವ ಕಾಂಡವನ್ನು. ನಡುವೆ ದಪ್ಪ ಗಡ್ಡೆ, ಅದರಿಂದ ಬೆರಳಿನ ಹಾಗೆ ಹೊರಟ ಕೊಂಬುಗಳು. ಬೀದರ್ ಜಿಲ್ಲೆಯಲ್ಲಿ ಶುಂಠಿಯ ಜೊತೆಗೆ ಇದನ್ನೂ ಬೆಳೆಯುವ ರೈತರಿದ್ದಾರೆ. ಮುಂಗಾರಿನ ಹೊತ್ತಿಗೆ ನೆಟ್ಟರೆ ಕೀಳುವುದು ಏಳರಿಂದ ಒಂಬತ್ತು ತಿಂಗಳಿಗೆ. ಕಿತ್ತ ಮೇಲೆ ಹಾಗೇ ಒಣಗಿಸುವುದಿಲ್ಲ, ನೀರಿನಲ್ಲಿ ಕುದಿಸುತ್ತಾರೆ. ಕುದಿಸಿದಾಗ ಒಳಗಿನ ಹಿಟ್ಟು ಬೆಂದು ಬಣ್ಣ ಒಂದೇ ಸಮ ಹರಡುತ್ತದೆ, ಹಸಿ ವಾಸನೆ ಹೋಗುತ್ತದೆ. ಆಮೇಲೆ ಹತ್ತು ಹದಿನೈದು ದಿನ ಬಿಸಿಲು. ಹಸಿ ಗಡ್ಡೆಯಲ್ಲಿ ಬಹುಪಾಲು ನೀರೇ ಇರುವುದರಿಂದ ಐದು ಕಿಲೋ ಹಸಿದು ಒಣಗಿ ಒಂದು ಕಿಲೋ ಆಸುಪಾಸಿಗೆ ಇಳಿಯುತ್ತದೆ.

ಆ ಒಣ ಕೊಂಬಿನಲ್ಲಿ ಹೆಚ್ಚಿನ ಪಾಲು ಪಿಷ್ಟ. ಸ್ವಲ್ಪ ನಾರು, ಸ್ವಲ್ಪ ಎಣ್ಣೆ. ಆ ಘಮ ಬರುವುದು ಎಣ್ಣೆಯಿಂದ. ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಮತ್ತು ಅದರ ಇಬ್ಬರು ತಮ್ಮಂದಿರಂಥ ಎರಡು ವಸ್ತುಗಳು. ಕರ್ಕ್ಯುಮಿನ್ ಅನ್ನು ಮೊದಲು ಬೇರ್ಪಡಿಸಿದ್ದು 1815ರಲ್ಲಿ. ಅದರ ರಚನೆ ಹೀಗೆ ಇದೆ ಅಂತ ತಿಳಿದದ್ದು 1910ರಲ್ಲಿ. ಇವತ್ತು ಅರಿಶಿಣದ ಹೆಸರಿನಲ್ಲಿ ನಡೆಯುವ ಸಂಶೋಧನೆಯಲ್ಲಿ ಬಹುಪಾಲು ಈ ಒಂದು ವಸ್ತುವಿನ ಮೇಲೆ ನಡೆಯುತ್ತದೆ, ಅರಿಶಿಣದ ಪುಡಿಯ ಮೇಲಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸಾಮಾನ್ಯ ಅರಿಶಿಣದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು. ಮೇಘಾಲಯದ ಲಾಕಡೊಂಗ್‌ನಂಥ ತಳಿಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಅದು ಬಿಡಿ. ಒಂದು ಚಹಾ ಚಮಚ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅಂದರೆ ಒಂದು ಚಮಚದಲ್ಲಿ ಕರ್ಕ್ಯುಮಿನ್ 90 ಮಿಲಿಗ್ರಾಂ. ಐದು ಜನರ ಮನೆಯಲ್ಲಿ ತೊಗರಿ ಬ್ಯಾಳಿ ಕುದಿಯುವಾಗ ಹಾಕುವುದು ಅರ್ಧ ಚಮಚ. ಒಬ್ಬರ ತಟ್ಟೆಗೆ ಬರುವುದು ಹತ್ತು ಮಿಲಿಗ್ರಾಂಗೂ ಕಡಿಮೆ.

ಬಾಟಲಿಯ ಒಂದು ಗುಳಿಗೆಯಲ್ಲಿ 500 ಮಿಲಿಗ್ರಾಂ ಸಾರ, ಅದರಲ್ಲಿ ಶೇಕಡಾ 95 ಕರ್ಕ್ಯುಮಿನ್ ಬಳಗ ಅಂತ ಬರೆದಿರುತ್ತದೆ. ಅಂದರೆ 475 ಮಿಲಿಗ್ರಾಂ. ಚಮಚದ ಲೆಕ್ಕಕ್ಕೆ ತಂದರೆ ಒಂದು ಗುಳಿಗೆ ಎಂದರೆ ಐದು ಚಮಚಕ್ಕೂ ಜಾಸ್ತಿ ಅರಿಶಿಣ. ದಿನಕ್ಕೆ ಮೂರು ನುಂಗಿದರೆ ಹದಿನೈದು ಹದಿನಾರು ಚಮಚ. ಇಷ್ಟು ಅರಿಶಿಣವನ್ನು ನಮ್ಮ ಯಾವ ಅಜ್ಜಿಯೂ ಯಾರಿಗೂ ತಿನ್ನಿಸಿಲ್ಲ. ಹಾಗಾಗಿ "ಸಾವಿರಾರು ವರ್ಷದಿಂದ ತಿಂದು ಬಂದಿದ್ದೇವೆ, ಏನೂ ಆಗೋದಿಲ್ಲ" ಅನ್ನುವ ಮಾತು ಡಬ್ಬಿಗೆ ಒಪ್ಪುತ್ತದೆ. ಬಾಟಲಿಗೆ ಒಪ್ಪುವುದಿಲ್ಲ.

ನುಂಗಿದ್ದು ಹೋಗುವುದೆಲ್ಲಿಗೆ

ಇಲ್ಲಿ ಒಂದು ವಿಚಿತ್ರ ಇದೆ. ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ತುಂಬ ಕಡಿಮೆ. ಮೊದಲನೆಯದಾಗಿ ಅದು ನೀರಿನಲ್ಲಿ ಕರಗುವುದಿಲ್ಲ. ಒಂದು ಲೋಟ ನೀರಿಗೆ ಪುಡಿ ಹಾಕಿ ಕಲಕಿ ಹತ್ತು ನಿಮಿಷ ಬಿಡಿ, ಪುಡಿ ತಳ ಸೇರಿರುತ್ತದೆ. ಅದೇ ಪುಡಿಯನ್ನು ಬಿಸಿ ಎಣ್ಣೆಗೆ ಹಾಕಿ ನೋಡಿ. ಒಗ್ಗರಣೆಯ ಎಣ್ಣೆ ಕಣ್ಣೆದುರಿಗೇ ಹಳದಿಯಾಗುತ್ತದೆ. ಇದಕ್ಕೆ ಜಿಡ್ಡು ಬೇಕು.

ಎರಡನೆಯದು, ಕರುಳಿನ ಗೋಡೆ ದಾಟಿ ಅಷ್ಟಿಷ್ಟು ಒಳಗೆ ಹೋದರೂ ಕರುಳು ಮತ್ತು ಯಕೃತ್ತು ಸೇರಿ ಅದಕ್ಕೆ ಇನ್ನೊಂದು ಅಣುವನ್ನು ಕಟ್ಟಿ ಬೇಗ ಬೇಗ ಹೊರಗೆ ಕಳಿಸುತ್ತವೆ. ನಮ್ಮ ದೇಹಕ್ಕೆ ಇದು ಹೊರಗಿನ ವಸ್ತು, ಅದಕ್ಕೇ ಈ ಅವಸರ. ಮೂರನೆಯದು, ರಕ್ತದಷ್ಟು ಕ್ಷಾರ ಇರುವ ದ್ರವದಲ್ಲಿ ಕರ್ಕ್ಯುಮಿನ್ ತಾನಾಗೇ ಒಡೆಯುತ್ತದೆ. ಪ್ರಯೋಗಾಲಯದ ದ್ರಾವಣದಲ್ಲಿ ಬಹುಪಾಲು ಹಾಳಾಗಲು ಅರ್ಧ ಗಂಟೆ ಸಾಕು.

ಈ ವಿಷಯದಲ್ಲಿ ಜಗತ್ತೆಲ್ಲ ನೆನೆಯುವ ಒಂದು ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಅದು ಪ್ರಕಟವಾದದ್ದು 1998ರಲ್ಲಿ. ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ನೋಡಿದರು. ಅದು ಸಿಕ್ಕಿದ್ದು ಇದ್ದೂ ಇಲ್ಲದಷ್ಟು. ಆಮೇಲೆ ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಪೈಪರಿನ್ ಅಂದರೆ ಕರಿಮೆಣಸಿಗೆ ಖಾರ ಕೊಡುವ ವಸ್ತು. ಆಗ ದೇಹಕ್ಕೆ ದಕ್ಕಿದ್ದು ಸುಮಾರು 20 ಪಟ್ಟು ಜಾಸ್ತಿಯಾಯಿತು. ಕರ್ಕ್ಯುಮಿನ್ ಅನ್ನು ಕಟ್ಟಿ ಹೊರಗೆ ಕಳಿಸುವ ಆ ಕೆಲಸವನ್ನು ಮೆಣಸು ಸ್ವಲ್ಪ ಹೊತ್ತು ತಡೆಯುತ್ತದೆ.

"ಅರಿಶಿಣದ ಜೊತೆ ಮೆಣಸು ಹಾಕಿದರೆ 2000 ಪರ್ಸೆಂಟ್ ಪವರ್" ಅಂತ ಓಡಾಡುವ ಮಾತು ಹುಟ್ಟಿದ್ದು ಇಲ್ಲಿಂದ. ಮಾತು ಸುಳ್ಳಲ್ಲ. ಆದರೆ ಇದ್ದದ್ದೇ ಎಳ್ಳಷ್ಟಾದರೆ ಅದರ ಇಪ್ಪತ್ತು ಪಟ್ಟೂ ಒಂದು ಹಿಡಿ ಎಳ್ಳೇ ಆಗುತ್ತದೆ, ಅಲ್ವಾ? ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಮೆಣಸಿನ ಸಾರ ಅರಿಶಿಣ ಒಂದನ್ನೇ ಹಿಡಿದು ನಿಲ್ಲಿಸುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವೂ ರಕ್ತದಲ್ಲಿ ಜಾಸ್ತಿ ನಿಲ್ಲುತ್ತವೆ. ಸಾರಿಗೆ ಹಾಕುವ ನಾಲ್ಕು ಕಾಳು ಮೆಣಸಿಗೆ ಇದು ಹೇಳುವ ಮಾತಲ್ಲ. ಗುಳಿಗೆಯೊಳಗೆ ಸೇರಿಸಿದ ಪೈಪರಿನ್‌ಗೆ ಹೇಳುವುದು.

ಮೈಯ ಹೊರಗೆ

ನಮ್ಮ ಕಡೆ ಅರಿಶಿಣದ ಹಳೆಯ ಬಳಕೆ ನೋಡಿದರೆ ನುಂಗಿಸುವುದಕ್ಕಿಂತ ಹಚ್ಚುವುದೇ ಜಾಸ್ತಿ. ಮದುವೆಗೆ ಮುಂಚೆ ಮೈತುಂಬ ಅರಿಶಿಣ. ಬಾಣಂತಿಗೆ ಎಣ್ಣೆ ಅರಿಶಿಣ. ಬಿದ್ದು ಗಾಯ ಮಾಡಿಕೊಂಡ ಹುಡುಗನ ಮೊಣಕಾಲಿಗೆ ಒಂದು ಚಿಟಿಕೆ. ಸಂಕ್ರಾಂತಿಗೆ ಯಾದಗಿರಿ ಕಡೆಯ ಮೈಲಾಪುರದ ಜಾತ್ರೆಗೆ ಹೋಗಿ ಬಂದವರ ಬಟ್ಟೆ, ತಲೆಗೂದಲು, ಕಿವಿಯ ಸಂದಿ ಎಲ್ಲ ಹಳದಿ. ಭಾಲ್ಕಿ ಹತ್ತಿರದ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಯಲ್ಲೂ ಅದೇ ಭಂಡಾರ. "ಏಳು ಕೋಟಿ ಏಳು ಕೋಟಿಗೋ" ಅಂತ ಎರಚುವ ಆ ಪುಡಿಯನ್ನು ಮನೆಗೆ ತಂದು, ಮಕ್ಕಳಿಗೆ ಜ್ವರ ಬಂದರೆ ಹಣೆಗೆ ಹಚ್ಚುತ್ತಾರೆ.

ಹಚ್ಚುವಾಗ ಕರುಳಿನ ತೊಂದರೆ ಇಲ್ಲ. ಎಲ್ಲಿ ಬೇಕೋ ಅಲ್ಲೇ ವಸ್ತು ಇರುತ್ತದೆ. ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್ ಮತ್ತು ಅರಿಶಿಣದ ಎಣ್ಣೆ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತವೆ, ಊತ ಹೆಚ್ಚಿಸುವ ಸಂಕೇತಗಳನ್ನು ತಗ್ಗಿಸುತ್ತವೆ. ಪುಡಿಯ ಹಿಟ್ಟು ತೇವ ಹೀರಿಕೊಂಡು ರಕ್ತ ಬೇಗ ಕಟ್ಟಲು ನೆರವಾಗುತ್ತದೆ. ಇಳಿಗೆಯಲ್ಲಿ ಬೆರಳು ಕೊಯ್ದಾಗ ಒಂದು ಚಿಟಿಕೆ ಒತ್ತಿದ ತಕ್ಷಣ ರಕ್ತ ನಿಂತದ್ದನ್ನು ಯಾರು ನೋಡಿಲ್ಲ?

ಈ ಜ್ಞಾನಕ್ಕಾಗಿ ಒಂದು ಕಾನೂನು ಹೋರಾಟವೇ ನಡೆದಿದೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರಿಗೆ, ಗಾಯ ಮಾಯಲು ಅರಿಶಿಣ ಬಳಸುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತ್ತು. ನಮ್ಮ ದೇಶದ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್ಐಆರ್, ರಘುನಾಥ ಮಾಶೇಲ್ಕರ್ ಅದರ ಮುಖ್ಯಸ್ಥರಾಗಿದ್ದಾಗ, ಅದನ್ನು ಪ್ರಶ್ನೆ ಮಾಡಿತು. ಇದು ಹೊಸದಲ್ಲ ಅಂತ ತೋರಿಸಲು ಹಳೆಯ ಸಂಸ್ಕೃತ, ಉರ್ದು, ಹಿಂದಿ ಬರಹಗಳನ್ನೂ, 1953ರಲ್ಲಿ ಭಾರತೀಯ ವೈದ್ಯರ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಈ ಕತೆ ಓದಿದಾಗಲೆಲ್ಲ ನನಗೆ ಹೆಮ್ಮೆ ಅನ್ನಿಸುತ್ತದೆ. ಆದರೆ ಒಂದು ವಿಷಯ ಬಿಡಿಸಿ ಹೇಳಬೇಕು. ಆ ತೀರ್ಪು ಹೇಳಿದ್ದು "ಇದು ಹಳೆಯ ತಿಳಿವಳಿಕೆ" ಎಂದು ಮಾತ್ರ. "ಎಲ್ಲ ಗಾಯಕ್ಕೂ ಅರಿಶಿಣ ಸಾಕು" ಎಂದು ಅದು ಹೇಳಿಲ್ಲ.

ಇದನ್ನು ನಾನು ಒತ್ತಿ ಹೇಳಲು ಕಾರಣ ನಮ್ಮ ಕಾಕಾ. ತೊಗರಿ ಹೊಲದಲ್ಲಿ ಅವರ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಮುಳ್ಳು ಕಿತ್ತು, ಅರಿಶಿಣ ಮತ್ತು ಎಣ್ಣೆ ಕಲಸಿ ತುಂಬಿ ಬಟ್ಟೆ ಕಟ್ಟಿದರು. ದಿನಾ ಬೆಳಗ್ಗೆ ಹಳೆಯದರ ಮೇಲೆ ಹೊಸದು. ಅವರಿಗೆ ಹತ್ತು ವರ್ಷದಿಂದ ಶುಗರ್ ಇತ್ತು, ಪಾದದಲ್ಲಿ ಸ್ಪರ್ಶವೇ ಕಮ್ಮಿಯಾಗಿತ್ತು, ಅದಕ್ಕೇ ನೋವು ಗೊತ್ತಾಗಲಿಲ್ಲ. ಹನ್ನೆರಡನೆಯ ದಿನ ನಾನು ಊರಿಗೆ ಹೋದಾಗ ಬಟ್ಟೆ ಬಿಚ್ಚಿ ನೋಡಿದೆ. ಮೇಲೆ ಗಟ್ಟಿಯಾದ ಹಳದಿ ಹಕ್ಕಳೆ, ನೋಡಲು ಒಣಗಿದ ಹಾಗೇ ಇತ್ತು. ಅಂಚನ್ನು ಒತ್ತಿದರೆ ಕೆಳಗಿಂದ ಕೀವು ಬಂತು. ಆಸ್ಪತ್ರೆಯಲ್ಲಿ ಒಂದು ಬೆರಳು ತೆಗೆಯಬೇಕಾಯಿತು. ಅರಿಶಿಣ ಬೆರಳು ತಿಂದಿತು ಅಂತ ನಾನು ಹೇಳುವುದಿಲ್ಲ. ಆ ಹನ್ನೆರಡು ದಿನವನ್ನು ತಿಂದಿತು. ಹಳದಿ ಬಣ್ಣ ಗಾಯವನ್ನು ಮುಚ್ಚಿಬಿಡುತ್ತದೆ. ಕೆಂಪಾಗಿದೆಯಾ, ಕಪ್ಪಾಗಿದೆಯಾ ಅಂತ ಕಾಣುವುದಿಲ್ಲ.

ಇನ್ನೂ ಒಂದು. ಅರಿಶಿಣ ಮಣ್ಣಿನೊಳಗಿಂದ ಬರುವ ವಸ್ತು. ಅಂಗಳದಲ್ಲಿ ಒಣಗುತ್ತದೆ, ಚೀಲದಲ್ಲಿ ತುಂಬುತ್ತದೆ, ಗಿರಣಿಯಲ್ಲಿ ಬೀಸುತ್ತದೆ. ಪುಡಿಯಲ್ಲಿ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಅಡುಗೆಯಲ್ಲಿ ಕುದಿಯುವ ಪುಡಿಗೂ, ಆಳವಾದ ಗಾಯದೊಳಗೆ ತುಂಬುವ ಪುಡಿಗೂ ಬಹಳ ವ್ಯತ್ಯಾಸ ಇದೆ. ತರಚಿದ ಗಾಯವಾದರೆ ನೀರು ಸೋಪಿನಿಂದ ತೊಳೆದು ಮೇಲೆ ಹಚ್ಚಿ, ತೊಂದರೆ ಇಲ್ಲ. ಮುಳ್ಳು, ಮೊಳೆ, ನಾಯಿ ಕಚ್ಚಿದ್ದು, ಸುಟ್ಟಿದ್ದು, ಶುಗರ್ ಇದ್ದವರ ಪಾದ, ಇವುಗಳಿಗೆ ಮಾತ್ರ ಅರಿಶಿಣದ ಡಬ್ಬಿ ಮುಟ್ಟಬೇಡಿ. ಹುಟ್ಟಿದ ಮಗುವಿನ ಹೊಕ್ಕಳಿಗೂ ಬೇಡ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಹೊಕ್ಕಳ ಬಳ್ಳಿಗೆ ಏನನ್ನೂ ಹಚ್ಚದೆ ಒಣದಾಗಿ, ಸ್ವಚ್ಛವಾಗಿ ಇಡುವುದೇ ಸರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿರಿಯರು ಬೇಜಾರಾದರೂ ಈ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ.

ಸುಣ್ಣ ಬಿದ್ದರೆ ಕೆಂಪು

ನಮ್ಮಲ್ಲಿ ಕಾಲು ಉಳುಕಿದರೆ ಇವತ್ತಿಗೂ ಅರಿಶಿಣ ಮತ್ತು ಸುಣ್ಣ ಕಲಸಿ, ಬೆಚ್ಚಗೆ ಮಾಡಿ ಹಚ್ಚುತ್ತಾರೆ. ಕಲಬುರಗಿ, ಬೀದರ್‌ನ ಮುಸ್ಲಿಂ ಮನೆಗಳಲ್ಲಿ ಇದೇ ಹಲ್ದಿ ಚೂನಾ. ಹಳದಿ ಪುಡಿಗೆ ಒಂದು ಚೂರು ಎಲೆ ಅಡಿಕೆಯ ಸುಣ್ಣ ಸೇರಿಸಿ ಬೆರಳಿನಿಂದ ತಿಕ್ಕಿ ನೋಡಿ. ನೋಡನೋಡುತ್ತ ಇಟ್ಟಿಗೆ ಕೆಂಪು ಬರುತ್ತದೆ. ಕರ್ಕ್ಯುಮಿನ್‌ಗೆ ಕ್ಷಾರ ತಾಗಿದರೆ ಅಣುವಿನ ಆಕಾರ ಸ್ವಲ್ಪ ಬದಲಾಗಿ ಬೇರೆ ಬಣ್ಣದ ಬೆಳಕನ್ನು ಹೀರುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಶಿಣದಿಂದ ಕುಂಕುಮ ಮಾಡುವ ಹಳೆಯ ಪದ್ಧತಿಯ ಗುಟ್ಟು ಇದೇ. ಅಂಗಿಯ ಮೇಲೆ ಸಾರು ಚೆಲ್ಲಿ ಸೋಪು ಹಾಕಿದಾಗ ಕಲೆ ಕೆಂಪಾಗುವುದೂ ಇದಕ್ಕೇ. ಗಾಬರಿ ಬೀಳದೆ ತೊಳೆದು ಬಿಸಿಲಿಗೆ ಹಾಕಿ. ಬೆಳಕು ಬಿದ್ದರೆ ಕರ್ಕ್ಯುಮಿನ್ ಒಡೆಯುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಕಲೆ ಬೇಗ ಮಾಸುತ್ತದೆ.

ಉಳುಕಿಗೆ ಅದು ಕೆಲಸ ಮಾಡುತ್ತದಾ? ಬೆಚ್ಚಗಿನ ಲೇಪದಿಂದ ನೋವು ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಒಣಗಿದ ಲೇಪ ಕಾಲನ್ನು ಅಲ್ಲಾಡದಂತೆ ಹಿಡಿಯುತ್ತದೆ. ಸುಣ್ಣ ಜಾಸ್ತಿಯಾದರೆ ಚರ್ಮ ಸುಡುತ್ತದೆ, ಅದೊಂದು ನೆನಪಿರಲಿ. ಕಾಲು ಊರಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ.

ಹಕೀಮರ ಯುನಾನಿ ಪದ್ಧತಿಯಲ್ಲಿ ಅರಿಶಿಣಕ್ಕೆ ಜರ್ದ್ ಚೋಬ್ ಅನ್ನುತ್ತಾರೆ. ಪಾರಸಿಯಲ್ಲಿ ಹಳದಿ ಕಟ್ಟಿಗೆ ಅಂತ ಅರ್ಥ. ಅವರ ಲೆಕ್ಕದಲ್ಲಿ ಅದು ಬಿಸಿ ಮತ್ತು ಒಣ ಗುಣದ್ದು. ಆಯುರ್ವೇದದಲ್ಲಿ ಹರಿದ್ರಾ. ರಾತ್ರಿಯ ಹೆಸರುಗಳೂ ಅದಕ್ಕಿವೆ: ನಿಶಾ, ರಜನಿ. ಪ್ರಮೇಹಕ್ಕೆ, ಅಂದರೆ ಶುಗರ್‌ನಂಥ ಮೂತ್ರದ ಕಾಯಿಲೆಗಳಿಗೆ, ನೆಲ್ಲಿಕಾಯಿ ಮತ್ತು ಅರಿಶಿಣ ಸೇರಿಸಿ ಕೊಡುವ ಪದ್ಧತಿ ಹಳೆಯ ಆಯುರ್ವೇದ ಗ್ರಂಥ ಬರೆದ ವಾಗ್ಭಟನ ಕಾಲದಿಂದಲೂ ಇದೆ. ಎರಡೂ ಪದ್ಧತಿಗಳು ಅದನ್ನು ಉಷ್ಣ ಅನ್ನುತ್ತವೆ. ನಮ್ಮ ಮನೆಯ ಹಿರಿಯರೂ ಏಪ್ರಿಲ್ ಮೇ ತಿಂಗಳಲ್ಲಿ ಅರಿಶಿಣ ಹಾಲು ಬೇಡ ಅನ್ನುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಈ ವೈದ್ಯರು ಯಾರೂ ಎಲ್ಲರಿಗೂ ಒಂದೇ ಅಳತೆ ಹೇಳಲಿಲ್ಲ. ಮನುಷ್ಯ, ಋತು, ಜೊತೆಗೆ ಏನು ಕೊಡಬೇಕು ಎಲ್ಲ ನೋಡಿ ಕೊಟ್ಟರು.

ಕಾಮಾಲೆಯ ಬಗ್ಗೆ ಒಂದು ಮಾತು. ನಮ್ಮ ಕಡೆ ಕಾಮಣಿ ಅನ್ನುತ್ತಾರೆ. ಅರಿಶಿಣ ಕಾಮಾಲೆ ಅನ್ನುವ ಹೆಸರು ಬಂದದ್ದು ಕಣ್ಣಿನ ಬಣ್ಣದಿಂದ ಅಷ್ಟೇ. ಅರಿಶಿಣ ತಿಂದರೆ ಕಾಮಣಿ ಬರುವುದಿಲ್ಲ, ಹಚ್ಚಿದರೆ ಹೋಗುವುದೂ ಇಲ್ಲ.

ಮಂಡಿನೋವು ಮತ್ತು ಆ ಅವ್ವ

ಹಾಗಾದರೆ ಗುಳಿಗೆಯಿಂದ ಏನೂ ಉಪಯೋಗ ಇಲ್ಲವಾ? ಇದೆ, ಕೆಲವು ಕಡೆ. ಥಾಯ್ಲೆಂಡ್‌ನಲ್ಲಿ ಮಂಡಿ ಸವೆತ ಇದ್ದ 367 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಅರಿಶಿಣದ ಸಾರ, ಇನ್ನೊಂದಕ್ಕೆ 1,200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಗುಳಿಗೆ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಾಲ್ಕು ವಾರಕ್ಕೆ ಎರಡೂ ಗುಂಪಿನ ನೋವು ಹೆಚ್ಚುಕಡಿಮೆ ಒಂದೇ ರೀತಿ ಇಳಿದಿತ್ತು. ಹೊಟ್ಟೆಯ ತೊಂದರೆ ಅರಿಶಿಣದವರಲ್ಲಿ ಕಡಿಮೆ. ಅದೇ ದೇಶದಲ್ಲಿ ಅಜೀರ್ಣ ಇದ್ದ 206 ಜನರ ಮೇಲೆ ಕರ್ಕ್ಯುಮಿನ್ ಮತ್ತು ಅಸಿಡಿಟಿಗೆ ಕೊಡುವ ಒಮೆಪ್ರಜೋಲ್ ಹೋಲಿಸಿದ ಅಧ್ಯಯನ 2023ರಲ್ಲಿ ಬಂತು. ಅಲ್ಲೂ ಎರಡೂ ಸಮ ಸಮ. ಇವು ನಾಲ್ಕೆಂಟು ವಾರದ ಸಣ್ಣ ಅಧ್ಯಯನಗಳು, ಆದರೂ ಮಂಡಿಯ ವಿಷಯದಲ್ಲಿ ಸ್ವಲ್ಪ ಭರವಸೆ ಇದೆ ಅಂತ ನಾನು ನಂಬುತ್ತೇನೆ.

ಕ್ಯಾನ್ಸರ್ ಗುಣವಾಗುತ್ತದೆ, ಮರೆವು ಹೋಗುತ್ತದೆ ಅನ್ನುವ ಮಾತುಗಳನ್ನು ನಾನು ಒಪ್ಪುವುದಿಲ್ಲ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ಅದುವರೆಗಿನ ನೂರಕ್ಕೂ ಹೆಚ್ಚು ಮಾನವ ಪ್ರಯೋಗಗಳನ್ನು ತಿರುವಿ ಹಾಕಿದರು. ಅವರು ಕಂಡದ್ದು ಒಂದು ಮುಖ್ಯ ಸಂಗತಿ: ಕರ್ಕ್ಯುಮಿನ್ ಪ್ರಯೋಗಾಲಯದ ಪರೀಕ್ಷೆಗಳಿಗೇ ಮೋಸ ಮಾಡುತ್ತದೆ. ಅದು ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟುತ್ತದೆ, ತಾನೇ ಹೊಳೆಯುತ್ತದೆ. ಹಾಗಾಗಿ ಗಾಜಿನ ಬಟ್ಟಲಿನಲ್ಲಿ ಯಾವ ರೋಗಕ್ಕೆ ಪರೀಕ್ಷೆ ಮಾಡಿದರೂ "ಕೆಲಸ ಮಾಡಿತು" ಅನ್ನುವ ಹಾಗೆ ಕಾಣುತ್ತದೆ. ಬಟ್ಟಲಿನಲ್ಲಿ ಕ್ಯಾನ್ಸರ್ ಕೋಶ ಸತ್ತ ಸುದ್ದಿಯನ್ನು ನಂಬಿ ಕೀಮೋ ಬಿಟ್ಟವರನ್ನು ನಾನು ಈ ಕೌಂಟರಿನಲ್ಲೇ ನೋಡಿದ್ದೇನೆ. ಅದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುಳಿಗೆಯಿಂದ ಅಪಾಯವೂ ಇದೆ. ಅರಿಶಿಣದ ಗುಳಿಗೆ ತಿಂದವರಲ್ಲಿ ಕೆಲವರಿಗೆ ಯಕೃತ್ತು ಊದಿಕೊಂಡ ಪ್ರಕರಣಗಳು ಇಟಲಿ, ಅಮೆರಿಕ, ಆಸ್ಟ್ರೇಲಿಯಾದಲ್ಲಿ ದಾಖಲಾಗಿವೆ. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನೇ ಹೊರಡಿಸಿತು. ಇದು ಅಪರೂಪ, ಒಂದು ಬಗೆಯ ಅನುವಂಶಿಕ ಗುಣ ಇದ್ದವರಲ್ಲಿ ಜಾಸ್ತಿ. ಮೆಣಸಿನ ಸಾರ ಸೇರಿಸಿ ಹೀರಿಕೆ ಹೆಚ್ಚಿಸಿದ ಗುಳಿಗೆಗಳಲ್ಲಿ ಹಲವು ಪ್ರಕರಣ ಕಂಡಿವೆ. ಅಡುಗೆಯ ಅರಿಶಿಣಕ್ಕೆ ಈ ಎಚ್ಚರಿಕೆ ಇಲ್ಲ. ಆಹಾರದಲ್ಲಿ ಸೇರಿಸುವ ಬಣ್ಣವಾಗಿ ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಹಾಕಿರುವ ಮಿತಿ ದಿನಕ್ಕೆ ಮೈತೂಕದ ಒಂದು ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ, ಅಂದರೆ ಎರಡು ಚಮಚ ಪುಡಿ. ನಮ್ಮ ಅಡುಗೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡುತ್ತದೆ. ಪಿತ್ತದ ಕಲ್ಲು ಇದ್ದವರಿಗೆ ಅದರಿಂದ ನೋವು ಏಳಬಹುದು. ಅರಿಶಿಣದಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವವರಿಗೂ ದೊಡ್ಡ ಪ್ರಮಾಣ ಒಳ್ಳೆಯದಲ್ಲ. ಕಬ್ಬಿಣದ ಅಂಶವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ. ಕಬ್ಬಿಣದ ಗುಳಿಗೆ ನುಂಗುವ ಬಸುರಿ ಹೆಂಗಸಿಗೆ ಅರಿಶಿಣದ ಗುಳಿಗೆ ಕೊಡುವುದು ತಪ್ಪು.

ಆಳಂದದ ಅವ್ವನ ಚೀಟಿ ಕೊನೆಗೂ ಸಿಕ್ಕಿತು. ಅದರಲ್ಲಿ ಬಿಪಿ ಗುಳಿಗೆಯ ಕೆಳಗೆ ಕ್ಲೋಪಿಡೊಗ್ರೆಲ್ ಇತ್ತು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರಂತೆ. ಕ್ಲೋಪಿಡೊಗ್ರೆಲ್ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಗುಳಿಗೆ. ದೊಡ್ಡ ಪ್ರಮಾಣದ ಕರ್ಕ್ಯುಮಿನ್‌ಗೂ ಅದೇ ಗುಣ ಸ್ವಲ್ಪ ಇದೆ. ಎರಡೂ ಸೇರಿದರೆ ರಕ್ತ ಸೋರುವ ಭಯ. ಬಾಟಲಿಯನ್ನು ತಿರುಗಿ ಶೆಲ್ಫಿಗೆ ಇಟ್ಟೆ. "ಅವ್ವ, ಇದು ನಿಮಗ ಬ್ಯಾಡ್ರಿ. ಡಾಕ್ಟರಿಗಿ ಕೇಳ್ದೆ ತಗೋಬ್ಯಾಡ್ರಿ" ಅಂದೆ. ಅವರ ಮುಖದಲ್ಲಿ ಗಾಬರಿ ಬಂತು. "ಮತ್ತ ಬ್ಯಾಳ್ಯಾಗ ಹಾಕದೂ ಬಿಡಬೇಕೇನು?" ಅಂತ ಕೇಳಿದರು. ಅದು ಬಿಡಬೇಕಿಲ್ಲ, ಹಾಲಿಗೂ ಒಂದು ಚಿಟಿಕೆ ಹಾಕಿಕೊಳ್ಳಬಹುದು ಅಂತ ಹೇಳಿದೆ.

ಆ ಹಾಲಿನ ಬಗ್ಗೆ: ನೆಗಡಿ, ಗಂಟಲು ಕೆರೆತ ಇದ್ದಾಗ ಬಿಸಿ ಹಾಲು, ಕಾಲು ಚಮಚ ಅರಿಶಿಣ, ಕುಟ್ಟಿದ ಮೆಣಸು, ಚೂರು ಬೆಲ್ಲ. ಹಾಲಿನ ಕೆನೆಯಲ್ಲಿ ಜಿಡ್ಡು ಇದೆ, ಮೆಣಸೂ ಇದೆ. ಬಿಸಿ ತಾಗಿ ಗಂಟಲಿಗೆ ಹಿತವಾಗುತ್ತದೆ, ನಿದ್ದೆ ಬರುತ್ತದೆ. ನೆಗಡಿ ಹೋಗುವುದು ಅದರ ದಿನಕ್ಕೇ. ಅರಿಶಿಣದ ಕೊಂಬು ಸುಟ್ಟು ಹೊಗೆ ಎಳೆಯುವುದನ್ನು ಮಾತ್ರ ಬಿಡಿ, ಉಬ್ಬಸ ಇದ್ದವರಂತೂ ಹತ್ತಿರವೂ ಹೋಗಬಾರದು.

ನಾಲ್ಕು ಕೊಂಬು

ಮುಂದಿನ ತಿಂಗಳು ಗುಳಿಗೆ ಒಯ್ಯಲು ಬಂದಾಗ ಅವ್ವ ಸೆರಗಿನ ಗಂಟು ಬಿಚ್ಚಿ ನಾಲ್ಕು ಅರಿಶಿಣದ ಕೊಂಬು ಕೊಟ್ಟರು. ಭಾಲ್ಕಿ ಕಡೆಯ ತಮ್ಮನ ಹೊಲದ್ದಂತೆ. ಒಂದನ್ನು ಮುರಿದೆ. ಟಣ್ ಅಂತ ಸದ್ದು ಬಂತು. ಒಳಗೆ ಗಾಢ ಕಿತ್ತಳೆ ಬಣ್ಣ, ಮುರಿದ ಜಾಗ ಮೇಣದ ಹಾಗೆ ಹೊಳೆಯುತ್ತಿತ್ತು. ಚೆನ್ನಾಗಿ ಬೇಯಿಸಿ ಒಣಗಿಸಿದ ಕೊಂಬು ಹೀಗಿರುತ್ತದೆ. ಒಳಗೆ ಪುಡಿ ಪುಡಿಯಾಗಿ ತೂತು ಇದ್ದರೆ ಹುಳು ತಿಂದಿದೆ. ಹೊರಗೆ ಮಾತ್ರ ಮಿರಮಿರ ಹಳದಿ, ಕೈಗೆ ಬಣ್ಣ ಮೆತ್ತಿಕೊಂಡರೆ ಅನುಮಾನ ಪಡಿ.

ಆ ಅನುಮಾನಕ್ಕೆ ಕಾರಣ ಇದೆ. ಹಳೆಯ, ಮಾಸಿದ ಕೊಂಬಿಗೆ ಹೊಳಪು ಬರಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಉಜ್ಜುವವರಿದ್ದಾರೆ. ಸೀಸ ಮಕ್ಕಳ ಮಿದುಳಿಗೆ ವಿಷ, ಒಮ್ಮೆ ಆದ ಹಾನಿ ವಾಪಸ್ ಬರುವುದಿಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಶೇಕಡಾ 47 ಮಾದರಿಗಳಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಾಳಿ ಮಾಡಿ, ಜನರಿಗೆ ತಿಳಿಸಿ ಹೇಳಿದ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಎರಡೇ ವರ್ಷ ಸಾಕು ಅಂತ ಇದರಿಂದ ಗೊತ್ತಾಗುತ್ತದೆ. ಪುಡಿಗೆ ಮೆಟಾನಿಲ್ ಹಳದಿ ಎಂಬ ಬಟ್ಟೆಯ ಬಣ್ಣ ಬೆರೆಸುವುದೂ ಇದೆ. ಮನೆಯಲ್ಲಿ ಮಾಡುವ ಪರೀಕ್ಷೆ ಸರಳ. ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಹಾಕಿ, ಕಲಕದೆ ಬಿಡಿ. ಒಳ್ಳೆಯ ಪುಡಿ ತಳಕ್ಕೆ ಇಳಿದು ನೀರು ತಿಳಿ ಹಳದಿಯಾಗಿ ಉಳಿಯುತ್ತದೆ. ಇಳಿಯುವಾಗಲೇ ಗಾಢ ಬಣ್ಣ ಬಿಟ್ಟು ಇಡೀ ನೀರು ಕಡು ಹಳದಿಯಾದರೆ ಆ ಪೊಟ್ಟಣ ಅಡುಗೆಮನೆಗೆ ಬೇಡ. ಸೀಸ ಇದೆಯೋ ಇಲ್ಲವೋ ಅಂತ ಮಾತ್ರ ಇದರಿಂದ ಖಾತ್ರಿಯಾಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು.

ನಮಗೆ ಒಂದು ಅನುಕೂಲ ಇದೆ. ಅರಿಶಿಣದ ದೊಡ್ಡ ಪೇಟೆ ನಿಜಾಮಾಬಾದ್ ಬೀದರ್‌ಗೆ ದೂರವಲ್ಲ. ರಾಷ್ಟ್ರೀಯ ಅರಿಶಿಣ ಮಂಡಳಿಯೂ 2025ರ ಜನವರಿಯಲ್ಲಿ ಅಲ್ಲೇ ಶುರುವಾಯಿತು. ಆ ಕಡೆ ಮಹಾರಾಷ್ಟ್ರದ ಸಾಂಗ್ಲಿ ಪೇಟೆ ಇದೆ. ಕೊಂಬು ಸಿಗುವುದು ಕಷ್ಟವಲ್ಲ. ವರ್ಷಕ್ಕೆ ಒಂದೆರಡು ಕಿಲೋ ಕೊಂಬು ತಂದು, ತೊಳೆದು, ಎರಡು ದಿನ ಒಣಗಿಸಿ, ಸಣ್ಣಗೆ ಕುಟ್ಟಿ ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಖಾರ ಬೀಸಿದ ಮೇಲೆ ಹಾಕಿಸಬೇಡಿ, ಮಷಿನ್ ಒರೆಸಲು ಹೇಳಿ.

ಅವ್ವ ಕೊಟ್ಟ ಉಳಿದ ಮೂರು ಕೊಂಬನ್ನು ನಾನು ಮಿಕ್ಸಿಗೆ ಹಾಕಿ ಪುಡಿ ಮಾಡಿದೆ. ಬೀಸಿದಾಗ ಬಿಸಿಯಾಗಿರುತ್ತದೆ, ಆರುವ ತನಕ ಮುಚ್ಚಳ ಹಾಕಬಾರದು, ಬೆವರಿ ಗಂಟಾಗುತ್ತದೆ. ಮೊದಲು ಗಾಜಿನ ಬಾಟಲಿಗೆ ತುಂಬಿ ಕಿಟಕಿಯ ಹತ್ತಿರ ಇಟ್ಟಿದ್ದೆ. ಆಮೇಲೆ ಅಂಗಿಯ ಕಲೆ ಬಿಸಿಲಿಗೆ ಮಾಸುವುದು ನೆನಪಾಯಿತು. ಸ್ಟೀಲ್ ಡಬ್ಬಿಗೆ ಬದಲಾಯಿಸಿ ಕಪಾಟಿನ ಒಳಗೆ, ಕತ್ತಲಿರುವ ಕಡೆ ಇಟ್ಟೆ.